ಮೆಟ್ಟಿಲ ಕಾರ್ಪೆಟ್ಟು ಮತ್ತು ನಮ್ಮ ಭಾಯಿಯ ಮೊಣಕಾಲು

ರಮಝಾನ್ ಹತ್ತಿರ ಬಂತೆಂದರೆ ನಮ್ಮ ಮನೆಗೆ ಎರಡು ಬಗೆಯ ಫೋನುಗಳು ಬರುತ್ತವೆ. ಒಂದು, ವಿಶೇಷಾಂಕಕ್ಕೆ ಕಥೆ ಕೇಳುವವರದು. ಇನ್ನೊಂದು, ಮಸೀದಿಯ ಕಾರ್ಪೆಟ್ಟು ತೊಳೆಯಲು ನಮ್ಮ ಭಾಯಿಯನ್ನು ಕರೆಯುವವರದು. ಮೊದಲನೆಯವು ಎರಡೋ ಮೂರೋ. ಎರಡನೆಯವು ಬರೆದಿಟ್ಟುಕೊಳ್ಳದಿದ್ದರೆ ಮರೆತುಹೋಗುವಷ್ಟು. ಕಥೆಯ ಗೌರವಧನ ಸಂಚಿಕೆ ಬಂದ ಮೇಲೆ ಬರುತ್ತದೆ, ಒಮ್ಮೊಮ್ಮೆ ಬರುವುದಿಲ್ಲ. ಕಾರ್ಪೆಟ್ಟಿನ ಮುಂಗಡ ಅವತ್ತೇ ಬರುತ್ತದೆ. ಹಾಗಾಗಿ ಫೋನು ಎತ್ತಿ ಸಲಾಂ ಹೇಳಿದ ಕೂಡಲೇ 'ಎಷ್ಟು ಮೆಟ್ಟಿಲು?' ಎಂದು ಕೇಳುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ.

ಹಾಲು ಎಷ್ಟು ಚದರಡಿ ಎಂದು ಕೇಳಿದರೆ ಎಲ್ಲರೂ ಥಟ್ಟನೆ ಹೇಳುತ್ತಾರೆ. ಮೆಟ್ಟಿಲು ಎಷ್ಟು ಎಂದರೆ ತಡವರಿಸುತ್ತಾರೆ. ದಿನಕ್ಕೆ ಐದು ಸಲ ಹತ್ತಿ ಇಳಿಯುವವರಿಗೂ ಲೆಕ್ಕ ಗೊತ್ತಿರುವುದಿಲ್ಲ. 'ಅದೇನು ಬಿಡಿ, ನಾಲ್ಕು ಮೆಟ್ಟಿಲು. ಹಾಗೇ ಒಂದು ಕೈ ಆಡಿಸಿಬಿಡಿ' ಎನ್ನುತ್ತಾರೆ. ಹೋಗಿ ನೋಡಿದರೆ ಆ ನಾಲ್ಕು ಮೆಟ್ಟಿಲು ಹದಿನೆಂಟು ಇರುತ್ತವೆ.

ನಮ್ಮದು ಮಲವಗೊಪ್ಪ. ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಹೋಗುವವರೆಲ್ಲ ನಮ್ಮೂರನ್ನು ದಾಟಿಯೇ ಹೋಗಬೇಕು. ಹೆಸರು ಹೇಳಿದರೆ ಹಳಬರಿಗೆ ಸಕ್ಕರೆ ಕಾರ್ಖಾನೆ ನೆನಪಾಗುತ್ತದೆ. ಅದು ನಿಂತು ದಶಕಗಳಾದವು. ಕಬ್ಬಿನ ಗಾಡಿಗಳ ಹಿಂದೆ ಓಡಿ ಜಲ್ಲೆ ಎಳೆದುಕೊಂಡ ಹುಡುಗರು ದೊಡ್ಡವರಾಗಿ ಗಾರೆ ಕೆಲಸ, ವೆಲ್ಡಿಂಗು, ಆಟೋ ಎಂದು ಚದುರಿದರು. ಕೆಲವರು ಗಲ್ಫಿಗೆ ಹೋದರು. ಭಾಯಿ ಹೋದದ್ದು ಜಿದ್ದಾಕ್ಕೆ. ಅಲ್ಲಿನ ಹೋಟೆಲೊಂದರಲ್ಲಿ ಒಂಬತ್ತು ವರ್ಷ ಕಾರ್ಪೆಟ್ಟು ತೊಳೆದರು. 2013ರಲ್ಲಿ ಸೌದಿಯಲ್ಲಿ ನಿತಾಖತ್ ಬಿಗಿಯಾದಾಗ ಸಾವಿರಾರು ಮಂದಿಯ ಹಾಗೆ ಅವರೂ ಬಂದರು. ಬರುವಾಗ ಎಲ್ಲರೂ ತರುವ ಕಂಬಳಿ, ಅತ್ತರು, ಖರ್ಜೂರದ ಜೊತೆಗೆ ನೀರು ಚಿಮ್ಮಿಸಿ ಹೀರಿಕೊಳ್ಳುವ ಕಬ್ಬಿಣದ ಉದ್ದ ಕೋಲೊಂದನ್ನೂ ತಂದಿದ್ದರು. ಅದನ್ನು ಕಂಡು ಅಮ್ಮಿ, 'ಇದೇನು, ಕೊಳವೆ ಬಾವಿಯ ಪೈಪು ತಂದಿದ್ದಾನೆ' ಎಂದರು.

ಅಮ್ಮಿಗೆ ಗೊತ್ತಿದ್ದದ್ದು ಜಮಖಾನ. ಅವರ ಮದುವೆಯಲ್ಲಿ ಬಂದ ನವಲಗುಂದದ ಜಮಖಾನವೊಂದು ನಮ್ಮ ಮನೆಯಲ್ಲಿತ್ತು. ಭೌಗೋಳಿಕ ಗುರುತು ಪಡೆದಿರುವ ಈ ಜಮಖಾನಗಳನ್ನು ಇವತ್ತಿಗೂ ನೇಯುವವರು ಹೆಚ್ಚಾಗಿ ಅಲ್ಲಿನ ಮುಸ್ಲಿಂ ಹೆಣ್ಣುಮಕ್ಕಳೇ. ಅದನ್ನು ಶುಚಿ ಮಾಡಲು ಅಮ್ಮಿಗೆ ಬೇಕಾದದ್ದು ಒಂದು ಬಿದಿರುಕೋಲು, ಒಂದಿಷ್ಟು ಬಿಸಿಲು, ಇನ್ನೊಂದು ತುದಿ ಹಿಡಿಯಲು ನಮ್ಮಲ್ಲೊಬ್ಬ. ಜಮಖಾನಕ್ಕೆ ಎದ್ದು ನಿಂತ ಎಳೆ ಇಲ್ಲ. ಝಾಡಿಸಿದರೆ ಧೂಳು ಉದುರುತ್ತದೆ. ಮೆಟ್ಟಿಲಿನ ಕಾರ್ಪೆಟ್ಟು ಹಾಗಲ್ಲ. ಅದನ್ನು ಅಂಟು ಹಾಕಿ, ಪಟ್ಟಿ ಹೊಡೆದು ಕೂರಿಸಿರುತ್ತಾರೆ. ಅದನ್ನು ಅಂಗಳಕ್ಕೆ ತರುವ ಹಾಗಿಲ್ಲ, ಅಂಗಳವೇ ಅದರ ಬಳಿಗೆ ಹೋಗಬೇಕು. ನೀರು, ಬ್ರಷ್ಷು, ಗಾಳಿ, ಎಲ್ಲವೂ ಮೆಟ್ಟಿಲು ಹತ್ತಬೇಕು.

ನಮ್ಮ ಕಡೆಯ ಮಸೀದಿಗಳಲ್ಲಿ ಮೆಟ್ಟಿಲಿಗೆಂದು ಬೇರೆ ಕಾರ್ಪೆಟ್ಟು ತರುವುದು ಅಪರೂಪ. ಒಳಗಿನ ಹಾಲಿಗೆ ಸಫ್ ಲೆಕ್ಕದಲ್ಲಿ ತಂದು ಮಿಕ್ಕಿದ್ದನ್ನು ಕತ್ತರಿಸಿ ಮೆಟ್ಟಿಲಿಗೆ ಹಾಕುತ್ತಾರೆ. ಹಾಲಿನ ಕಾರ್ಪೆಟ್ಟಿನ ಮೇಲೆ ಒಣಗಿದ ಕಾಲು, ಹಣೆ, ಅಂಗೈ ಬೀಳುತ್ತವೆ. ಮೆಟ್ಟಿಲಿನ ಮೇಲೆ ವುಝೂ ಮಾಡಿ ಬಂದ ಒದ್ದೆ ಕಾಲು ನೇರವಾಗಿ ಬೀಳುತ್ತದೆ. ಜುಮಾದ ದಿನ ಎರಡನೇ ಅಂತಸ್ತಿಗೆ ಓಡುವವರ ಕಾಲು ಇನ್ನೂ ಒದ್ದೆ. ಒಣ ಧೂಳು ನೀರಿನೊಂದಿಗೆ ಕಲಸಿ, ಮುಂದಿನ ಅಂಚಿನಲ್ಲಿ ತುಳಿದು ತುಳಿದು ಗಾರೆಯಂತೆ ಕೂರುತ್ತದೆ. ಮಳೆಗಾಲದಲ್ಲಿ ವಾಸನೆ ಏಳುತ್ತದೆ. ಅದರ ಮೇಲೆ ಅತ್ತರು ಚಿಮುಕಿಸಿದರೆ ಎರಡೂ ಸೇರಿ ಮೂರನೆಯದೊಂದು ವಾಸನೆಯಾಗುತ್ತದೆ.

ಜಿದ್ದಾದ ಕೋಲಿಗೆ ಹೊಂದುವಂಥ ಯಂತ್ರವೊಂದನ್ನು ಭಾಯಿ ಬೆಂಗಳೂರಿನಿಂದ ತಂದರು. ಮನೆಯಲ್ಲಿದ್ದ ಚಿನ್ನ ಬ್ಯಾಂಕಿಗೆ ಹೋಯಿತು. ಮೊದಲ ದೊಡ್ಡ ಕೆಲಸ ಶಿವಮೊಗ್ಗದ ಒಂದು ಹೋಟೆಲಿನದು. ಹಾಲು ಚೆನ್ನಾಗಿ ಮುಗಿಯಿತು. ಮೆಟ್ಟಿಲಿಗೆ ಬಂದಾಗ ಇಬ್ಬರೂ ಸೇರಿ ಯಂತ್ರವನ್ನು ಎತ್ತಿ ಎತ್ತಿ ಒಂದೊಂದೇ ಮೆಟ್ಟಿಲು ಏರಿಸಿದೆವು. ಒಂಬತ್ತನೇ ಮೆಟ್ಟಿಲಿನಲ್ಲಿ ಅದು ವಾಲಿತು. ಹೀರಿಟ್ಟ ಕೊಳಕು ನೀರೆಲ್ಲ ಮುಚ್ಚಳ ದಾಟಿ, ಆಗಷ್ಟೇ ಹಸನಾಗಿದ್ದ ಕೆಳಗಿನ ಹಾಲಿನವರೆಗೆ ಹರಿಯಿತು. ಮ್ಯಾನೇಜರು ಬೈಯಲಿಲ್ಲ. 'ನೀವು ಇದನ್ನು ಮೊದಲು ಮಾಡಿದ್ದೀರಾ?' ಎಂದು ಮಾತ್ರ ಕೇಳಿದರು. ಬೈದಿದ್ದರೇ ಒಳ್ಳೆಯದಿತ್ತು. ಒಂಬತ್ತು ವರ್ಷ ಅದೇ ಕೆಲಸ ಮಾಡಿದ ಮನುಷ್ಯ ತಲೆ ತಗ್ಗಿಸಿ ನಿಂತಿದ್ದರು. ಜಿದ್ದಾದಲ್ಲಿ ಹಾಲಿನ ಕೆಲಸ ಅವರದು, ಮೆಟ್ಟಿಲಿನ ಕೆಲಸ ಬೇರೆಯವರದಾಗಿತ್ತಂತೆ. ಅದು ಬೇರೆಯದೇ ವಿದ್ಯೆ ಎಂಬುದು ನಮಗೆ ಅವತ್ತು ತಿಳಿಯಿತು.

ಆಮೇಲೆ ಓದಿದಾಗ ಇದಕ್ಕೊಂದು ಹಳೆಯ ಸಾಕ್ಷಿ ಸಿಕ್ಕಿತು. 1901ರಲ್ಲಿ ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರು ಧೂಳು ಹೀರುವ ಯಂತ್ರ ಮಾಡಿದ. ಅದು ಕುದುರೆ ಗಾಡಿಯ ಮೇಲೆ ಕೂರುವಷ್ಟು ದೊಡ್ಡದು. ಮನೆಯೊಳಗೆ ಹೋಗುವ ಮಾತೇ ಇಲ್ಲ. ಗಾಡಿ ಬೀದಿಯಲ್ಲಿ ನಿಲ್ಲುತ್ತಿತ್ತು, ಉದ್ದನೆಯ ಕೊಳವೆಗಳು ಕಿಟಕಿಯಿಂದ ಒಳಗೆ ಹೋಗುತ್ತಿದ್ದವು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಾರ್ಪೆಟ್ಟನ್ನು ಹಸನು ಮಾಡಿದ್ದೂ ಇದೇ ಯಂತ್ರ. ಭಾಯಿಗೆ ಓದಿ ಹೇಳಿದಾಗ ಅವರು, 'ನೋಡಿದೆಯಾ, ಯಂತ್ರ ಕೆಳಗೇ ಇರಬೇಕು, ಕೊಳವೆ ಮಾತ್ರ ಮೇಲೆ ಹೋಗಬೇಕು' ಎಂದರು. ಅಂದಿನಿಂದ ನಮ್ಮ ಯಂತ್ರ ಮೆಟ್ಟಿಲು ಹತ್ತಿಲ್ಲ.

ಯಂತ್ರ ಕೆಳಗೆ ಉಳಿಯಿತು, ಆದರೆ ತೊಂದರೆ ಉಳಿದೇ ಇತ್ತು. ಹನ್ನೆರಡು ಇಂಚು ಅಗಲದ ಮೂತಿಯಿರುವ ಉದ್ದ ಕೋಲು ನೆಲಕ್ಕೆ ಹೇಳಿ ಮಾಡಿಸಿದ್ದು. ಮೆಟ್ಟಿಲಿನಲ್ಲಿ ಅದನ್ನು ಎಳೆಯಲು ಜಾಗವಿಲ್ಲ. ಕಾಲಿಡುವ ಭಾಗ ಹತ್ತು ಇಂಚು. ಎಳೆಯುವ ಮೊದಲೇ ಅಂಚು ಬರುತ್ತದೆ, ಕೋಲಿನ ಹಿಂಭಾಗ ಗೋಡೆಗೆ ಬಡಿಯುತ್ತದೆ. ಅಂಚಿನ ಬಾಗಿನಲ್ಲಿ ಮೂತಿ ಪೂರ್ತಿ ಕೂರದೆ ಗಾಳಿ ಎಳೆಯುತ್ತದೆ, ನೀರು ಒಳಗೇ ಉಳಿಯುತ್ತದೆ. ಹೀಗಾಗಿ ಸೋಫಾ ತೊಳೆಯುವ ನಾಲ್ಕಿಂಚಿನ ಕೈ ಟೂಲಿಗೆ ಬಂದೆವು.

ಆಗ ಲೆಕ್ಕ ಹಾಕಿದೆವು. ನಾಲ್ಕಡಿ ಅಗಲದ ಮೆಟ್ಟಿಲು ಎಂದರೆ 48 ಇಂಚು. ನಾಲ್ಕಿಂಚಿನ ಮೂತಿಗೆ ಕಾಲಿಡುವ ಭಾಗದಲ್ಲಿ ಹನ್ನೆರಡು ಎಳೆತ, ಎದ್ದು ನಿಂತ ಭಾಗದಲ್ಲಿ ಹನ್ನೆರಡು. ಹದಿನೆಂಟು ಮೆಟ್ಟಿಲಿಗೆ 432. ನೀರು ಬಿಟ್ಟು ಎಳೆದದ್ದನ್ನು ಇನ್ನೊಮ್ಮೆ ಒಣ ಎಳೆತ ಎಳೆಯದಿದ್ದರೆ ಕಾರ್ಪೆಟ್ಟು ಒಣಗುವುದಿಲ್ಲ. ಅಲ್ಲಿಗೆ 864. ಆರಿಂಚಿನ ಮೂತಿ ತಂದರೆ ಅದೇ ಕೆಲಸ 576 ಎಳೆತಕ್ಕೆ ಇಳಿಯುತ್ತದೆ. ಹಾಗಾದರೆ ಎಂಟು ಇಂಚಿನದು ತರಬಹುದಲ್ಲ ಎಂದು ನಮ್ಮಲ್ಲಿ ಕಥೆ ಬರೆಯುವವನು ಕೇಳಿದ. ಮೂತಿ ಅಗಲವಾದಷ್ಟೂ ಹೀರುವ ಬಲ ಹಂಚಿಹೋಗುತ್ತದೆ, ನಮ್ಮ ಯಂತ್ರಕ್ಕೆ ಆರೇ ಸಾಕು ಎಂದರು ಭಾಯಿ. ಎರಡನ್ನೂ ತಂದು ಒಂದೇ ಮೆಟ್ಟಿಲಿನ ಎರಡು ಅರ್ಧಗಳಲ್ಲಿ ನೋಡಿದೆವು. ಬಿಳಿ ಬಟ್ಟೆ ಒತ್ತಿದಾಗ ಆರರ ಕಡೆ ಬಟ್ಟೆ ತಣ್ಣಗಾಯಿತು ಅಷ್ಟೇ, ಎಂಟರ ಕಡೆ ಒದ್ದೆಯಾಯಿತು.

ಆರಿಂಚಿನದನ್ನು ಇಟ್ಟುಕೊಂಡು ತಿದ್ದತೊಡಗಿದೆವು. ಅಬ್ಬಾ ಫಿಟ್ಟರ್ ಆಗಿದ್ದವರು. ಅವರ ಅರ, ಎಮರಿ ಕಾಗದ, ಕೈವೈಸು ಮನೆಯಲ್ಲೇ ಇದ್ದವು. ಹೊಸ ಟೂಲಿನ ತುಟಿಯಲ್ಲಿ ಕಣ್ಣಿಗೆ ಕಾಣದ ಮುಳ್ಳುಗಳಿರುತ್ತವೆ, ಅವು ಅಂಚಿನ ಎಳೆಗಳನ್ನು ಕೀಳುತ್ತವೆ. ಹಳೆಯ ಕಾಲುಚೀಲವನ್ನು ತುಟಿಯ ಮೇಲೆ ಎಳೆದು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಅರ ಹಾಕಿದೆವು. ಮೂತಿಯ ಮೇಲ್ಭಾಗ ಪಾರದರ್ಶಕವಾಗಿರುವುದನ್ನೇ ಆರಿಸಿದೆವು. ಒಳಗೆ ಹೋಗುವ ನೀರಿನ ಬಣ್ಣ ಕಂಡರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತದೆ. ದಪ್ಪ ಕೊಳವೆಯ ಭಾರ ಮಣಿಕಟ್ಟನ್ನು ಎಳೆಯುತ್ತಿತ್ತು. ಅದರ ಕೊನೆಯ ಒಂದು ಮೀಟರನ್ನು ತೆಳ್ಳಗಿನ, ಹಗುರ ಕೊಳವೆಗೆ ಬದಲಾಯಿಸಿದೆವು. ನೀರು ಚಿಮ್ಮುವ ತೂತು ನಮ್ಮ ಬೋರಿನ ನೀರಿನ ಸುಣ್ಣಕ್ಕೆ ಕಟ್ಟಿಕೊಳ್ಳುತ್ತದೆ. ಸೂಜಿ ಹಾಕಿದರೆ ತೂತು ದೊಡ್ಡದಾಗಿ ನೀರು ಓರೆಯಾಗಿ ಹಾರುತ್ತದೆ. ರಾತ್ರಿಯಿಡೀ ವಿನಿಗರಿನಲ್ಲಿ ನೆನೆಹಾಕುವುದೇ ಸರಿ. ಉಣ್ಣೆಯ ಕಾರ್ಪೆಟ್ಟಿಗೆ ಗಟ್ಟಿ ನೈಲಾನ್ ಬ್ರಷ್ಷು ಆಗದು, ಎಳೆ ಕೆದರುತ್ತದೆ. ಬೂಟು ಪಾಲಿಷ್ ಮಾಡುವ ಕುದುರೆ ಕೂದಲಿನ ಬ್ರಷ್ಷು ಅದಕ್ಕೆ ಸರಿಯಾಗಿ ಕೂತಿತು. ಬೆಲೆಯೂ ಕಡಿಮೆ.

ಟೂಲಿನಷ್ಟೇ ಮುಖ್ಯ ಅದನ್ನು ಹಿಡಿಯುವ ಕ್ರಮ. ಮೊದಲು ಒಣ ಧೂಳು ಹೀರಬೇಕು. ಕಾರ್ಪೆಟ್ಟಿನ ಕೊಳೆಯಲ್ಲಿ ಹೆಚ್ಚಿನ ಪಾಲು ಒಣ ಮಣ್ಣೇ. ಅದರ ಮೇಲೆ ನೀರು ಹಾಕಿದರೆ ಕೆಸರು. ಮೇಲಿನ ಮೆಟ್ಟಿಲಿನಿಂದ ಕೆಳಕ್ಕೆ ಬರಬೇಕು, ಇಲ್ಲದಿದ್ದರೆ ಕೊಳಕು ನೀರು ಹಸನಾದದ್ದರ ಮೇಲೆ ಇಳಿಯುತ್ತದೆ. ಸೋಪು ಹೆಚ್ಚು ಹಾಕಿದರೆ ಹೊಳಪು ಹೆಚ್ಚುತ್ತದೆಂಬುದು ಸುಳ್ಳು. ಉಳಿದ ಸೋಪು ಅಂಟಾಗಿ ಎರಡೇ ವಾರದಲ್ಲಿ ಹೊಸ ಕೊಳೆಯನ್ನು ಹಿಡಿದುಕೊಳ್ಳುತ್ತದೆ. ನೀರು ಹೆಚ್ಚಾದರೆ ಕಾರ್ಪೆಟ್ಟಿನ ಬೆನ್ನಿಗಿರುವ ಸೆಣಬಿನ ಕಂದು ಬಣ್ಣ ಮೇಲೇರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಶಿವಮೊಗ್ಗದ ಗಾಳಿಯಲ್ಲೇ ನೀರಿರುತ್ತದೆ. ಆಗ ಮೆಟ್ಟಿಲಿನ ಬುಡದಲ್ಲಿ ದೊಡ್ಡ ಫ್ಯಾನಿಟ್ಟು ಗಾಳಿ ಮೇಲಕ್ಕೆ ಹಾಯಿಸದಿದ್ದರೆ ಕೆಲಸ ಒಪ್ಪಿಕೊಳ್ಳದಿರುವುದೇ ಮೇಲು.

ಇಷ್ಟೆಲ್ಲ ಕಲಿತು ಕೈ ಕುದುರಿತು. ಮದುವೆ ಮಂಟಪ, ಲಾಡ್ಜು, ಕಾಂಟ್ರಾಕ್ಟರರ ಬಂಗಲೆ, ಮಸೀದಿ, ಎಲ್ಲ ಕಡೆಯಿಂದ ಕರೆ ಬಂತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಜೂನ್ 8ರಂದು ಆರಾಧನಾ ಸ್ಥಳಗಳು ತೆರೆದಾಗ ಎಲ್ಲರಿಗೂ ಸೇರಿದ ಹಾಸು ಬೇಡ, ಅವರವರ ಜಾನಮಾಝ್ ಅವರವರೇ ತರಲಿ ಎಂದು ಸರ್ಕಾರ ಹೇಳಿತ್ತು. ಮಸೀದಿಗಳ ಕಾರ್ಪೆಟ್ಟುಗಳು ಸುರುಳಿಯಾಗಿ ಮೂಲೆ ಸೇರಿದವು. ಮಂಟಪಗಳು ಮುಚ್ಚಿದ್ದವು. ಬಂಗಲೆಯ ಹಳೆಯ ಗಿರಾಕಿಗಳಿಗೆ ಫೋನು ಮಾಡಿದರೆ ಕೆಲವರು ನಯವಾಗಿ, 'ಸದ್ಯಕ್ಕೆ ನಿಮ್ಮವರು ಬೇಡ' ಎಂದರು. ಸೋಂಕಿಗೂ ಒಂದು ಜಾತಿ ಹಚ್ಚಿದ್ದ ದಿನಗಳು ಅವು. ಹಾಗೆಂದು ಒಬ್ಬ ಲಿಂಗಾಯತ ಅಜ್ಜಿಯನ್ನು ನಾವು ಮರೆಯುವಂತಿಲ್ಲ. ಮನೆಯಲ್ಲಿ ಹಾಸಿದ್ದು ಒಂದೇ ಒಂದು ಕಾರ್ಪೆಟ್ಟು. ಅದನ್ನು ತೊಳೆಯಲು ಕರೆದು, ಮುಗಿದ ಮೇಲೆ ಅಂಗಳದಲ್ಲಿ ಕೂರಿಸಿ ಊಟ ಹಾಕಿ, 'ಮುಂದಿನ ತಿಂಗಳೂ ಬಾರಪ್ಪ' ಎಂದರು. ತಿಂಗಳಿಗೊಮ್ಮೆ ತೊಳೆಯುವಷ್ಟು ಕೊಳೆ ಅದರಲ್ಲಿರಲಿಲ್ಲ.

ಕೆಲಸ ಮತ್ತೆ ಶುರುವಾದದ್ದು ಹಳೆಯ ಬಾಕಿಯೊಂದಿಗೆ. ಮುಚ್ಚಿಟ್ಟಿದ್ದ ಮೆಟ್ಟಿಲುಗಳೆಲ್ಲ ಒಮ್ಮೆಗೇ ಕರೆದವು. ಸಾಲ ತೀರಿಸಬೇಕಿತ್ತು. ಭಾಯಿ ದಿನಕ್ಕೆ ಎರಡೆರಡು ಕಡೆ ಒಪ್ಪಿಕೊಂಡರು. ಕೈ ಟೂಲಿನ ಗುಣವೇ ಅದು, ಅದನ್ನು ಹಿಡಿಯಬೇಕಾದರೆ ಮೊಣಕಾಲೂರಬೇಕು. ಮೊದಲು ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಮೊಣಕಾಲಿಗೆ ಕಟ್ಟಿದರು. ಆಮೇಲೆ ಟೈಲ್ಸ್ ಕೆಲಸದವರು ಹಾಕುವ ಪ್ಯಾಡು ತಂದರು. ಒಂದು ಫಜ್ರ್‌ಗೆ ಎದ್ದಾಗ ಎಡ ಮೊಣಕಾಲು ಮೂಸಂಬಿಯಷ್ಟು ಊದಿತ್ತು. ಡಾಕ್ಟರು ಒತ್ತಿ ನೋಡಿ, ಚಿಪ್ಪಿನ ಮುಂದಿನ ಚೀಲದಲ್ಲಿ ನೀರು ತುಂಬಿದೆ, ಒಳಗೆ ಸವೆತವೂ ಇದೆ ಎಂದರು. ಊತಕ್ಕೆ ಇಂಗ್ಲಿಷಿನಲ್ಲೊಂದು ಆಡುಮಾತಿನ ಹೆಸರಿದೆ. ಕನ್ನಡದಲ್ಲಿ ಹೇಳುವುದಾದರೆ 'ಮನೆಗೆಲಸದವಳ ಮೊಣಕಾಲು'. ನೆಲ ಒರೆಸಿ ಒರೆಸಿ ಬರುವ ಕಾಯಿಲೆಗೆ ಒರೆಸುವವಳ ಹೆಸರನ್ನೇ ಇಟ್ಟಿದ್ದಾರೆ. ನೆಲ ಯಾರದು ಎಂಬುದು ಹೆಸರಿನಲ್ಲಿಲ್ಲ.

ಊತ ಇಳಿಯಿತು, ಸವೆತ ಉಳಿಯಿತು. ಮುಂದಿನ ಜುಮಾದಲ್ಲಿ ಭಾಯಿ ಸಫ್‌ನ ಕೊನೆಗೆ ಹೋಗಿ ಕುರ್ಚಿಯ ಮೇಲೆ ಕೂತರು. ಎಲ್ಲರೂ ಸಜ್ದಾಕ್ಕೆ ಬಾಗಿದಾಗ ಆ ಹಾಲಿನಲ್ಲಿ ತಲೆ ಎದ್ದು ಕಾಣುತ್ತಿದ್ದದ್ದು ಮೂರು ನಾಲ್ಕು ಮುದುಕರದು ಮತ್ತು ನಲವತ್ತೊಂಬತ್ತರ ನಮ್ಮ ಭಾಯಿಯದು. ಆ ಕಾರ್ಪೆಟ್ಟನ್ನು ಹಣೆಯಿಡುವಷ್ಟು ಹಸನು ಮಾಡಿದ್ದು ಅವರೇ. ಅವರ ಹಣೆ ಮಾತ್ರ ಅದನ್ನು ಮುಟ್ಟುವಂತಿರಲಿಲ್ಲ. ಮನೆಗೆ ಬಂದು ಅವರು ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅವತ್ತು ಸಂಜೆ ಅಬ್ಬಾನ ಪೆಟ್ಟಿಗೆ ತೆಗೆದು ಕೂತದ್ದು ಮಾತ್ರ ನಿಜ.

ಆರು ವರ್ಷ ನಾವು ಕಾರ್ಪೆಟ್ಟಿಗೆ ನೋವಾಗದಂತೆ ತುಟಿ ಅರೆದಿದ್ದೆವು, ಉಣ್ಣೆಗೆ ನೋವಾಗದಂತೆ ಬ್ರಷ್ಷು ಹುಡುಕಿದ್ದೆವು. ಹಿಡಿದವನ ಮೊಣಕಾಲು ಯಾವ ಪಟ್ಟಿಯಲ್ಲೂ ಇರಲಿಲ್ಲ. ಬೂತನ ಕಥೆ ಓದುವಾಗ ಸಿಕ್ಕಿದ್ದ ಇನ್ನೊಬ್ಬ ಆಗ ನೆನಪಾದ. ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅವನಿಗೆ ಉಬ್ಬಸವಿತ್ತು. ಗುಡಿಸುವಾಗ ಏಳುವ ಧೂಳಿನಿಂದ ಉಸಿರು ಕಟ್ಟುತ್ತಿತ್ತು. ಪೊರಕೆಯ ಹಿಡಿ, ದಿಂಬಿನ ಚೀಲ, ಒಂದು ಸಣ್ಣ ಮೋಟರು ಸೇರಿಸಿ ಕೈಯಲ್ಲಿ ತಳ್ಳುವ ಯಂತ್ರ ಕಟ್ಟಿದ. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡ ಹೂವರ್ ಮನೆತನದ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು, ಸ್ಪ್ಯಾಂಗ್ಲರನದು ಕೆಲವರಿಗೆ. ಅವನು ಶುರು ಮಾಡಿದ್ದು ನೆಲದಿಂದಲ್ಲ, ತನ್ನ ಎದೆಯಿಂದ. ನಾವು ಮೊಣಕಾಲಿನಿಂದ ಶುರು ಮಾಡಬೇಕಿತ್ತು.

ಕಾಗದದ ಮೇಲೆ ಮೆಟ್ಟಿಲು ಬರೆದು ಪಕ್ಕದಲ್ಲಿ ಮನುಷ್ಯನನ್ನು ನಿಲ್ಲಿಸಿ ನೋಡಿದೆವು. ಆಗ ತೀರಾ ಸರಳವಾದದ್ದೊಂದು ಕಂಡಿತು. ನೆಲ ತೊಳೆಯಲು ಬಾಗಬೇಕು, ಏಕೆಂದರೆ ನೆಲ ಕೆಳಗಿದೆ. ಮೆಟ್ಟಿಲು ಹಾಗಲ್ಲ. ನಾಲ್ಕು ಮೆಟ್ಟಿಲು ಕೆಳಗೆ ನಿಂತರೆ, ಒಂದಕ್ಕೆ ಆರೂವರೆ ಇಂಚಿನಂತೆ, ತೊಳೆಯಬೇಕಾದ ಮೆಟ್ಟಿಲು 26 ಇಂಚು ಎತ್ತರದಲ್ಲಿರುತ್ತದೆ. ಅಡುಗೆ ಕಟ್ಟೆಗಿಂತ ತುಸು ತಗ್ಗು. ಮೆಟ್ಟಿಲು ತಾನೇ ಮೇಜಾಗಿ ಎದುರಿಗೆ ಬಂದು ನಿಂತಿದೆ, ನಾವು ಅದರ ಮೇಲೆ ಹತ್ತಿ ಮಂಡಿಯೂರಿದ್ದೆವು! ಅಡ್ಡಡ್ಡಲಾಗಿ ಅದು ನಲವತ್ತು ಇಂಚು ದೂರ. ಕೈ ಟೂಲಿಗೆ ಎಟುಕದು, ಉದ್ದ ಕೋಲು ಹೆಚ್ಚಾಯಿತು. ಬೇಕಾದದ್ದು ಇವೆರಡರ ನಡುವಿನದು, ಎರಡಡಿಯ ಹಿಡಿ.

ನಮಗೆ ಸಿಕ್ಕ ಅಂಗಡಿಗಳಲ್ಲಿ ಅಂಥದ್ದಿರಲಿಲ್ಲ. ಬಿ.ಎಚ್. ರಸ್ತೆಯಲ್ಲಿ ಸೈಲೆನ್ಸರ್ ಬೆಸೆಯುವ ಹುಡುಗನ ಬಳಿ ಕಬ್ಬಿಣದ ಪೈಪು ಬಗ್ಗಿಸಿದೆವು. ಮೊದಲನೆಯದರ ಕುತ್ತಿಗೆ ತೀರಾ ಬಾಗಿ, ಹೀರುವ ಬಲ ಅಲ್ಲೇ ಸತ್ತುಹೋಯಿತು. ಎರಡನೆಯದರಲ್ಲಿ ಬಾಗು ಸರಿಯಿತ್ತು. ಆದರೆ ಭಾರಕ್ಕೆ ಭುಜ ಬಿದ್ದುಹೋಯಿತು, ಒಳಗಿನ ಬೆಸುಗೆಯ ಗಂಟಿಗೆ ಕೂದಲು ಸಿಕ್ಕಿ ಕಟ್ಟಿಕೊಂಡಿತು. ಮೂರನೆಯದಕ್ಕೆ ಹಗುರಾದ ಅಲ್ಯೂಮಿನಿಯಂ ಪೈಪು, ಒಳಗೆ ಅರ ಹಾಕಿ ನುಣುಪು ಮಾಡಿದ ಜೋಡಣೆ, ಬೆರಳಿಗೆ ಸಿಗುವಲ್ಲಿ ನೀರಿನ ಗುಂಡಿ, ನಡುವೆ ಎಡಗೈಗೊಂದು ಅಡ್ಡ ಹಿಡಿ. ಇಳಿಯುವಾಗ ಹಿಮ್ಮೆಟ್ಟಿ ಇಳಿಯಬೇಕಾದ್ದರಿಂದ ಕೊಳವೆ ಕಾಲಿಗೆ ಸಿಕ್ಕದಂತೆ ಹೆಗಲ ಮೇಲೆ ಹಾಯಿಸಿ ಬೆಲ್ಟಿಗೆ ಸಿಕ್ಕಿಸಿದೆವು. ಮೂಲೆಗಳಿಗೆ ಮಾತ್ರ ಈಗಲೂ ಕೈ ಟೂಲು ಬೇಕು. ಅದಕ್ಕೂ ಭಾಯಿ ಕೆಳಗಿನ ಮೆಟ್ಟಿಲಿನ ಮೇಲೆ ಕೂರುತ್ತಾರೆ, ಮಂಡಿಯೂರುವುದಿಲ್ಲ.

ಉರ್ದು ಶಾಲೆಯಲ್ಲಿ ನಮಗೆ ಮೆಟ್ಟಿಲ ಸಾಲಿಗೆ 'ಝೀನಾ' ಎಂದು ಕಲಿಸಿದ್ದರು. ಬದುಕುವುದಕ್ಕೆ 'ಜೀನಾ'. ನಮ್ಮ ಊರಿನ ನಾಲಿಗೆಯಲ್ಲಿ ಎರಡೂ ಒಂದೇ ಆಗಿಬಿಡುತ್ತಿತ್ತು, ಉಸ್ತಾದರ ಬೆತ್ತ ಬೀಳುತ್ತಿತ್ತು. ಭಾಯಿಯ ವಿಷಯದಲ್ಲಿ ಆ ತಪ್ಪು ತಪ್ಪೇ ಅಲ್ಲವೆಂದು ಈಗ ಅನ್ನಿಸುತ್ತದೆ.

ಪ್ರವಾದಿಯವರ ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಕಪ್ಪು ಹೆಂಗಸಿನ ಪ್ರಸಂಗ ಹದೀಸಿನಲ್ಲಿ ಬರುತ್ತದೆ. ಕೆಲವು ದಿನ ಕಾಣದಿದ್ದಾಗ ಆಕೆ ಎಲ್ಲಿ ಎಂದು ಪ್ರವಾದಿ (ಸ) ವಿಚಾರಿಸಿದರು. ತೀರಿಕೊಂಡಳು ಎಂದರು ಸಂಗಾತಿಗಳು. ತಿಳಿಸುವಷ್ಟು ದೊಡ್ಡ ಸಂಗತಿ ಎಂದು ಅವರಿಗೆ ಅನ್ನಿಸಿರಲಿಲ್ಲ. ನನಗೇಕೆ ತಿಳಿಸಲಿಲ್ಲ ಎಂದು ಕೇಳಿ, ಆಕೆಯ ಕಬರಿನ ಬಳಿಗೆ ಹೋಗಿ ಪ್ರವಾದಿ ಪ್ರಾರ್ಥಿಸಿದರು. ಖುತ್ಬಾಗಳಲ್ಲಿ ಇದನ್ನು ಕೇಳಿ ನಾವು ತಲೆದೂಗುತ್ತೇವೆ. ಕಾರ್ಪೆಟ್ಟು ಕೊಟ್ಟವರ ಹೆಸರು ಅಮೃತಶಿಲೆಯ ಮೇಲಿದೆ, ಒಳ್ಳೆಯದೇ, ಅಲ್ಲಾಹು ಅವರಿಗೆ ಪ್ರತಿಫಲ ಕೊಡಲಿ. ಗುಡಿಸುವವರ ಹೆಸರು ಬೇಡ, ಅವರ ಮೊಣಕಾಲು ಹೇಗಿದೆ ಎಂದು ಕೇಳಿದರೂ ಸಾಕಿತ್ತು.

ಕಳೆದ ರಮಝಾನಿಗೆ ಮುಂಚೆ ಹದಿನೆಂಟು ಮೆಟ್ಟಿಲಿನ ಅದೇ ಮಸೀದಿಗೆ ಹೋಗಿದ್ದೆವು. ಜೊತೆಗೆ ಆಪಾನ ಮಗನೂ ಇದ್ದ. ಐಟಿಐ ಮುಗಿಸಿ ಮನೆಯಲ್ಲಿದ್ದಾನೆ, ಕೆಲಸ ಕಲಿಯುತ್ತೇನೆಂದು ಬಂದಿದ್ದ. ಚೀಲ ಬಿಚ್ಚಿ ಎಲ್ಲ ಹರವಿಟ್ಟು, 'ಮಾಮು, ಮೊಣಕಾಲಿಗೆ ಕಟ್ಟುವ ಪ್ಯಾಡು ಎಲ್ಲಿ?' ಎಂದು ಹುಡುಕಿದ.

'ಅದು ಬೇಡ. ನಿಂತು ಮಾಡು' ಎಂದರು ಭಾಯಿ. ಎರಡಡಿಯ ಹಿಡಿಯನ್ನು ಅವನ ಕೈಗೆ ಕೊಟ್ಟು, ನಾಲ್ಕು ಮೆಟ್ಟಿಲು ಕೆಳಗೆ ನಿಲ್ಲಿಸಿ, ಹೆಗಲ ಮೇಲೆ ಕೊಳವೆ ಸರಿಪಡಿಸಿದರು. 'ಮೊಣಕಾಲನ್ನು ನಮಾಝಿಗೆ ಇಟ್ಟುಕೋ.'

ಹುಡುಗ ಗುಂಡಿ ಒತ್ತಿದ. ಮೂತಿಯ ಗಾಜಿನಲ್ಲಿ ಕಪ್ಪು ನೀರು ಓಡತೊಡಗಿತು. ಭಾಯಿ ಕೆಳಗೆ, ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು, ನೀರು ತಿಳಿಯಾಗುವುದನ್ನೇ ನೋಡುತ್ತ ಕೂತರು.